‘ವ್ಯಾಲ್ಯೂ’ ಎಂಬ ಮಾತು

ಇಂಗ್ಲಿಷಿನ ‘ವ್ಯಾಲ್ಯೂ’ ಶಬ್ದವು ನಮ್ಮ ನಿಲಂಗಾ, ಉಮರ್ಗಾ, ಉದಗೀರ ಸೀಮೆಯ ಆಡುಮಾತಿನಲ್ಲಿ ಬೇರೂರಿದೆ. ‘ಆ ಹೊಲಕ್ಕೆ ವ್ಯಾಲ್ಯೂ ಬಂತು’ ಎನ್ನುವಾಗ ಅದು ಹಣದ ಲೆಕ್ಕ; ‘ಅವನ ಮಾತಿಗೆ ವ್ಯಾಲ್ಯೂ ಇಲ್ಲ’ ಎನ್ನುವಾಗ ಮನ್ನಣೆ. ನಮ್ಮ ಬೆಲೆ, ಕಿಮ್ಮತ್ತುಗಳಿಗೂ ಈ ಎರಡು ಅರ್ಥಗಳುಂಟು.

ಇಂಗ್ಲಿಷರು ‘ಪ್ರೈಸ್’ ಎಂಬ ಶಬ್ದವನ್ನು ಬೇರೆಯಾಗಿ ಇಟ್ಟುಕೊಂಡಿದ್ದಾರೆ. ಕೊಡಬೇಕಾದ ಹಣ ಪ್ರೈಸು. ವಸ್ತುವಿನ ಯೋಗ್ಯತೆ ವ್ಯಾಲ್ಯೂ. 2016ರ ಎಪ್ರಿಲ್ ತಿಂಗಳಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂದಿತಷ್ಟೆ. ನೀರಿನ ಯೋಗ್ಯತೆ ಎಷ್ಟೆಂಬುದನ್ನು ಆಗ ನಮ್ಮ ಜಿಲ್ಲೆಯವರಿಗೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ.

ವಿದ್ಯಾರ್ಥಿಗಳು ಎಡವುವ ಸ್ಥಳವೊಂದುಂಟು. ‘ವ್ಯಾಲ್ಯೂಲೆಸ್’ ಎಂದರೆ ಬೆಲೆಯಿಲ್ಲದ್ದು. ‘ಇನ್‌ವ್ಯಾಲ್ಯುಯೇಬಲ್’ ಎಂದರೆ ಬೆಲೆ ಕಟ್ಟಲಾಗದ್ದು. ‘ಅಯೋಗ್ಯ’ ಮತ್ತು ‘ಅಮೂಲ್ಯ’ ಎಂಬ ಮಾತುಗಳನ್ನು ನೆನೆದರೆ ಇದು ಸುಲಭ. ಎರಡರಲ್ಲಿಯೂ ‘ಅ’ಕಾರವೇ ಇದೆ, ಒಂದು ಕೆಳಗಿಳಿಸುತ್ತದೆ, ಇನ್ನೊಂದು ಮೇಲೇರಿಸುತ್ತದೆ.

ಗಣಿತದಲ್ಲಿ ನಾವು ಮುಖಬೆಲೆ, ಸ್ಥಾನಬೆಲೆಗಳನ್ನು ಕಲಿಸುತ್ತೇವೆ. ಐದರ ಮುಖಬೆಲೆ ಎಲ್ಲಿದ್ದರೂ ಐದೇ. ನೂರರ ಸ್ಥಾನದಲ್ಲಿ ಅದರ ಸ್ಥಾನಬೆಲೆ ಐದುನೂರು. ನಾಣ್ಯಗಳಲ್ಲಿಯೂ ಇಂಥ ಭೇದವಿತ್ತು. ನಿಜಾಮರ ಕಾಲದಲ್ಲಿ ಈ ಸೀಮೆಯಲ್ಲಿ ಹಾಲಿ ಸಿಕ್ಕಾ ನಡೆಯುತ್ತಿತ್ತು. ಹಾಲಿಯೂ ರೂಪಾಯಿ, ಬ್ರಿಟಿಷರ ಕಲ್ದಾರವೂ ರೂಪಾಯಿ. ಆದರೆ 6 ಕಲ್ದಾರಕ್ಕೆ ಸುಮಾರು 7 ಹಾಲಿ ಎಣಿಸಬೇಕಾಗುತ್ತಿತ್ತು.

ಭಾಷೆಗೂ ಸ್ಥಾನಬೆಲೆಯುಂಟು. 1956ರಲ್ಲಿ ಬೀದರ ಜಿಲ್ಲೆಯ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೂ, ಬೀದರವು ಮೈಸೂರು ರಾಜ್ಯಕ್ಕೂ ಸೇರಿದವು. ಅತ್ತ ಕನ್ನಡವು ಕಚೇರಿಯ ನುಡಿಯಾಯಿತು. ಇತ್ತ ಮನೆಯ ನುಡಿಯಾಗಿ ಉಳಿಯಿತು. ಅಕ್ಷರಗಳು ಮಾತ್ರ ಅವೇ.

‘ಕನ್ನಡ ಕಲಿತರೆ ವ್ಯಾಲ್ಯೂ ಏನು?’ ಎಂದು ಪಾಲಕರು ಕೇಳುತ್ತಾರೆ. ಆ ಪ್ರಶ್ನೆಯನ್ನು ನಾವು ಹಗುರಾಗಿ ತಳ್ಳಿಹಾಕಲಾಗದು. ಅದರ ಹಿಂದೆ ಮಕ್ಕಳ ಹೊಟ್ಟೆಪಾಡಿನ ಚಿಂತೆಯಿದೆ. ಈ ರಾಜ್ಯದ ನೌಕರಿಗೆ ಮರಾಠಿ ಬೇಕು, ಇಂಗ್ಲಿಷೂ ಬೇಕು. ಅವನ್ನು ಮಕ್ಕಳು ಚೆನ್ನಾಗಿಯೇ ಕಲಿಯಲಿ. ಆದರೆ ಅದು ಸ್ಥಾನಬೆಲೆಯ ಲೆಕ್ಕ. ಅಜ್ಜಿಯ ಮಾತು ಮೊಮ್ಮಗನಿಗೆ ತಿಳಿಯುವದು, 12ನೆಯ ಶತಮಾನದ ಶರಣರ ವಚನಗಳನ್ನು ಅನುವಾದದ ಹಂಗಿಲ್ಲದೆ ಓದುವದು, ಇವು ಕನ್ನಡದ ಮುಖಬೆಲೆ. ಶರಣರ ಕಲ್ಯಾಣವು ನಮಗೆ ನೆರೆಯೂರು. ಅಲ್ಲಿಯ ನುಡಿ ನಮ್ಮ ಮಕ್ಕಳಿಗೆ ಪರಕೀಯವಾಗಬಾರದು.

ಇಂಗ್ಲಿಷಿನಲ್ಲಿ ‘ವ್ಯಾಲ್ಯೂ’ ಕ್ರಿಯಾಪದವೂ ಹೌದು. ಕನ್ನಡದಲ್ಲಿ ಅದಕ್ಕೆ ‘ಬೆಲೆ ಕೊಡು’ ಎನ್ನುತ್ತೇವೆ. ಅಂಗಡಿಯಲ್ಲಿ ಬೆಲೆ ಕೊಡುವವರೂ ನಾವೇ, ಮಾತಿಗೆ ಬೆಲೆ ಕೊಡುವವರೂ ನಾವೇ. ಮನೆಯಲ್ಲಿ ಕನ್ನಡ ಆಡಿ, ಬೀಗರಿಗೆ ಕನ್ನಡದಲ್ಲಿ ಪತ್ರ ಬರೆದು, ಮಕ್ಕಳ ಕೈಗೆ ಒಂದು ಕನ್ನಡ ಪುಸ್ತಕ ಕೊಟ್ಟರೆ ಅಷ್ಟರ ಮಟ್ಟಿಗೆ ಬೆಲೆ ಕೊಟ್ಟಂತಾಯಿತು.