ಜೀಪಿನ ಸದ್ದಿಗೆ ಕಿವಿಗೊಟ್ಟಾಗ

ನೀಲಗಿರಿಯ ಚಳಿ ಮನುಷ್ಯರನ್ನಷ್ಟೇ ಅಲ್ಲ, ವಾಹನಗಳನ್ನೂ ಪರೀಕ್ಷಿಸುತ್ತದೆ. ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕೆಲವು ಬೆಳಗುಗಳಲ್ಲಿ ತಗ್ಗಿನ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಹರಡಿರುತ್ತದೆ. ಅಂಥ ಬೆಳಗಿನಲ್ಲಿ ಹಳೆಯ ಡೀಸೆಲ್ ಜೀಪಿನ ಕೀಲಿ ತಿರುಗಿಸುವುದೆಂದರೆ ನಮಗೆ ಆತಂಕವೇ ಆಗಿತ್ತು.

ನಮ್ಮ ಧರ್ಮಕೇಂದ್ರದ ಜೀಪಿಗೆ ಹದಿನೆಂಟು ವರ್ಷ ದಾಟಿದೆ. ಹಟ್ಟಿಗಳಿಗೂ ಟೀ ತೋಟದ ಲೈನುಗಳಿಗೂ ಹೋಗಲು ಇರುವುದು ಅದೊಂದೇ. ರಾತ್ರಿ ಹೊತ್ತು ಯಾರಿಗಾದರೂ ಎದೆನೋವು ಬಂದರೆ, ಹೆರಿಗೆ ನೋವು ಕಾಣಿಸಿಕೊಂಡರೆ, ಆಂಬುಲೆನ್ಸ್ ಬರುವವರೆಗೆ ಕಾಯಲಾಗದವರು ನಮ್ಮ ಬಾಗಿಲನ್ನೇ ತಟ್ಟುತ್ತಾರೆ. ಆದುದರಿಂದ ಜೀಪು ಸ್ಟಾರ್ಟ್ ಆಗುವುದು ನಮ್ಮ ಅನುಕೂಲದ ಮಾತಷ್ಟೇ ಅಲ್ಲ.

ಕಳೆದ ಚಳಿಗಾಲದಲ್ಲಿ ಅದಕ್ಕೆ ಎರಡು ಕಾಯಿಲೆ ಒಟ್ಟಿಗೆ ಬಂದವು. ಬೆಳಿಗ್ಗೆ ಐದಾರು ಸಲ ಕೀಲಿ ತಿರುಗಿಸಿದ ಮೇಲೆ, ಬಿಳಿ ಹೊಗೆ ಉಗುಳುತ್ತಾ, ಮೈಯೆಲ್ಲ ನಡುಗಿಸುತ್ತಾ ಸ್ಟಾರ್ಟ್ ಆಗುತ್ತಿತ್ತು. ಜೊತೆಗೆ ಟಿಕ್ ಟಿಕ್ ಎಂಬ ಸದ್ದು. ಒಂದು ಗ್ಯಾರೇಜಿನವರು ಕೇಳಿದೊಡನೆ, "ಎಂಜಿನ್ ಪೂರ್ತಿ ಬಿಚ್ಚಬೇಕು" ಎಂದರು. ಅವರು ಹೇಳಿದ ಮೊತ್ತ ಕೇಳಿ ಪಾಲನಾ ಸಮಿತಿಯ ಹಿರಿಯರು, ಜೀಪನ್ನೇ ಮಾರಿಬಿಡೋಣ ಎನ್ನುವ ಮಟ್ಟಕ್ಕೆ ಬಂದರು.

ಆಗ ಪೇಟೆಯ ಹಳೆಯ ಮೆಕ್ಯಾನಿಕ್ ಒಬ್ಬರು ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಿದರು: "ಫಾದರ್, ಸದ್ದು ಯಾವಾಗ ಬರುತ್ತೆ, ಯಾವಾಗ ನಿಲ್ಲುತ್ತೆ?" ಒಂದು ವಾರ ಬರೆದಿಡಿ ಎಂದರು. ನಾವು ದಿನವೂ ಬರೆದೆವು: ಸ್ಟಾರ್ಟರ್ ಜೋರಾಗಿ ತಿರುಗಿತೇ, ಹೊಗೆಯ ಬಣ್ಣವೇನು, ಸದ್ದು ಎಷ್ಟು ಹೊತ್ತು ಇತ್ತು.

ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಎಂಜಿನ್ನಿನಂತೆ ಕಿಡಿ ಇಲ್ಲ. 1897ರಲ್ಲಿ ಜರ್ಮನಿಯಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಎಂಜಿನ್ನಿನ ತತ್ವವೇ ಇಂದಿಗೂ ನಡೆದಿದೆ. ಗಾಳಿಯನ್ನು ಬಲವಾಗಿ ಅದುಮಿದರೆ ಅದು ಕಾಯುತ್ತದೆ. ಆ ಕಾವಿಗೆ ಡೀಸೆಲ್ ತಾನಾಗಿ ಉರಿಯುತ್ತದೆ. ಚಳಿಯಲ್ಲಿ ತಣ್ಣಗಿರುವ ಕಬ್ಬಿಣ ಆ ಕಾವನ್ನು ಹೀರಿಕೊಳ್ಳುತ್ತದೆ. ನಮ್ಮ ಎತ್ತರದಲ್ಲಿ ಗಾಳಿಯ ಒತ್ತಡವೂ ಸಮುದ್ರಮಟ್ಟದ ಮುಕ್ಕಾಲು ಪಾಲಿನಷ್ಟೇ. ಈ ಕೊರತೆ ತುಂಬುವುದಕ್ಕೇ ಹೀಟರ್ ಪ್ಲಗ್‌ಗಳಿರುವುದು.

ನಮ್ಮ ಪುಸ್ತಕ ನೋಡಿ ಮೆಕ್ಯಾನಿಕ್ ವಿವರಿಸಿದ್ದು ಹೀಗೆ. ಸ್ಟಾರ್ಟರ್ ನಿಧಾನವಾಗಿ ತಿರುಗಿದರೆ ಬ್ಯಾಟರಿ, ಅದರ ವೈರಿನ ತುದಿಗಳು, ಇಲ್ಲವೇ ಚಳಿಗೆ ಗಟ್ಟಿಯಾದ ಆಯಿಲ್ ನೋಡಬೇಕು. ಜೋರಾಗಿ ತಿರುಗಿ, ಬಿಳಿ ಹೊಗೆ ಬಂದು, ಎಂಜಿನ್ ಹಿಡಿಯದಿದ್ದರೆ ಡೀಸೆಲ್ ತಲುಪುತ್ತಿದೆ, ಕಾವು ಸಾಲುತ್ತಿಲ್ಲ. ಜೋರಾಗಿ ತಿರುಗಿಯೂ ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಬರುತ್ತಿಲ್ಲ. ಪೈಪಿನೊಳಗೆ ಗಾಳಿ ಸೇರಿರಬಹುದು.

ನಮ್ಮದು ಎರಡನೆಯ ಜಾತಿ. ಅವರು ಪರೀಕ್ಷಿಸಿದಾಗ ನಾಲ್ಕು ಹೀಟರ್ ಪ್ಲಗ್‌ಗಳಲ್ಲಿ ಎರಡು ಸತ್ತಿದ್ದವು. ಎರಡು ಸಿಲಿಂಡರ್ ಹಿಡಿದು ಎರಡು ಹಿಡಿಯದೆ ಇದ್ದುದರಿಂದಲೇ ಆ ನಡುಕ.

ಇನ್ನು ಸದ್ದು. ಎಂಜಿನ್ ಬಿಸಿಯಾದ ಮೇಲೆ ಅದು ಕಡಿಮೆಯಾಗಿ ನಿಂತೇ ಹೋಗುತ್ತಿತ್ತೆಂದು ನಾವು ಬರೆದಿದ್ದೆವು. ಬೇರಿಂಗ್ ಸವೆದಿದ್ದರೆ ಹೀಗಾಗುವುದಿಲ್ಲ. ಬಿಸಿಯಾಗಿ ಆಯಿಲ್ ತೆಳುವಾದಂತೆ, ಏರು ಹತ್ತುವಾಗ, ದಪ್ಪ ದನಿಯ ಬಡಿತ ಹೆಚ್ಚುತ್ತದೆ. ಆಗ ಗಾಡಿ ಮುಂದೆ ಓಡಿಸದೆ ನಿಲ್ಲಿಸಲೇಬೇಕು. ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿ, ಡಾಕ್ಟರರಂತೆ ಒಂದೊಂದು ಕಡೆ ಕೇಳಿದರು. ಹೊಗೆ ಕೊಳವೆ ಎಂಜಿನ್ನಿಗೆ ಸೇರುವಲ್ಲಿ ಕಪ್ಪು ಮಸಿ ಕಂಡಿತು. ಅಲ್ಲಿನ ಗ್ಯಾಸ್ಕೆಟ್ ಒಡೆದಿತ್ತು. ತಣ್ಣಗಿದ್ದಾಗ ಸಂದಿನಿಂದ ಹೊಗೆ ಟಿಕ್ ಟಿಕ್ ಎಂದು ಹಾರುತ್ತಿತ್ತು. ಕಬ್ಬಿಣ ಕಾದು ಹಿಗ್ಗಿದಾಗ ಸಂದು ಮುಚ್ಚುತ್ತಿತ್ತು. ಹೀಟರ್ ಪ್ಲಗ್, ಗ್ಯಾಸ್ಕೆಟ್, ಕೂಲಿ ಎಲ್ಲ ಸೇರಿ ಮೊದಲು ಹೇಳಿದ ಮೊತ್ತದ ಹತ್ತರಲ್ಲೊಂದು ಪಾಲೂ ಆಗಲಿಲ್ಲ.

ನಮ್ಮ ಬೆಟ್ಟದಲ್ಲಿ ಸ್ಟಾರ್ಟ್ ಆಗದ ಗಾಡಿಯನ್ನು ರಾತ್ರಿ ಇಳಿಜಾರಿನಲ್ಲಿ ನಿಲ್ಲಿಸಿ, ಬೆಳಿಗ್ಗೆ ಉರುಳಿಸಿ ಸ್ಟಾರ್ಟ್ ಮಾಡುವ ರೂಢಿ ಬಹಳ. ಇದರಿಂದ ಕಾಯಿಲೆ ವಾಸಿಯಾಗದು, ಅಡಗಿ ಕೂರುತ್ತದೆ. ಎಂಜಿನ್ ಓಡದಿದ್ದಾಗ ಬ್ರೇಕಿಗೂ ಪವರ್ ಸ್ಟೀರಿಂಗಿಗೂ ಪೂರ್ತಿ ಬಲವಿರುವುದಿಲ್ಲ. ತೇವದ ರಸ್ತೆಯಲ್ಲಿ ಅದು ಪ್ರಾಣಕ್ಕೇ ಕುತ್ತು.

ಹಳೆಯ ಗಾಡಿ ಇರುವ ಮನೆಯವರಿಗೆ ನಮ್ಮದೊಂದು ಮಾತು. ಮಳೆಗಾಲ ಮುಗಿಯುತ್ತಲೇ ಬ್ಯಾಟರಿಯನ್ನೂ ಹೀಟರ್ ಪ್ಲಗ್‌ಗಳನ್ನೂ ಪರೀಕ್ಷಿಸಿಕೊಳ್ಳಿ. ಹೀಟರ್ ದೀಪ ಆರಿದ ಮೇಲೆಯೇ ಸ್ಟಾರ್ಟ್ ಮಾಡಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಬಿಸಿ ಮಾಡಬೇಡಿ. ಆ ಹೊಗೆ ವಿಷ. ಸದ್ದು ಬಂದರೆ ಏನು ಬದಲಾಯಿಸಬೇಕೆಂದು ಕೇಳುವ ಮೊದಲು, ಅದು ಯಾವಾಗ ಬರುತ್ತದೆಂದು ಬರೆದಿಡಿ. ನಮ್ಮ ಜೀಪು ಈಗ ಮೊದಲ ಸಲಕ್ಕೇ ಸ್ಟಾರ್ಟ್ ಆಗುತ್ತದೆ. ರಾತ್ರಿ ಎಷ್ಟು ಹೊತ್ತಿಗಾದರೂ ಸರಿ, ಕರೆಯಲು ಸಂಕೋಚಪಡಬೇಡಿ.