ಹೆಸರಿಗೆ ಮಾತ್ರ ಮಣ್ಣು

ಪಾಲಿಮರ್ ಕ್ಲೇ ಎಂದಾಗ ಹೆಚ್ಚಿನವರು ಅದನ್ನು ಮಣ್ಣಿನ ಒಂದು ಬಗೆಯೆಂದೇ ತಿಳಿಯುತ್ತಾರೆ. ನನ್ನಲ್ಲಿ ಗೊಂಬೆ ಮಾಡಲು ಕಲಿಯುವ ಹುಡುಗಿಯರ ಮೊದಲ ಪ್ರಶ್ನೆಯೂ ಅದೇ: "ಇದು ಎಲ್ಲಿಯ ಮಣ್ಣು ಟೀಚರ್?" ಇದು ಹೊಲದ ಮಣ್ಣೂ ಅಲ್ಲ, ಕುಂಬಾರನ ಜೇಡಿಯೂ ಅಲ್ಲ. ನೀರಿನ ಪೈಪುಗಳಲ್ಲಿರುವ ಪಿವಿಸಿ ಪ್ಲಾಸ್ಟಿಕ್‌ನ ನುಣ್ಣನೆಯ ಪುಡಿಯನ್ನು, ಅದನ್ನು ಮೆದುವಾಗಿಸುವ ದ್ರವದೊಂದಿಗೆ ಕಲಸಿ ಬಣ್ಣ ಬೆರೆಸಿದ ವಸ್ತು. ನೋಡಲು ಚಪಾತಿ ಹಿಟ್ಟಿನಂತಿರುತ್ತದೆ. ಗಾಳಿಗಿಟ್ಟರೆ ಒಣಗುವುದಿಲ್ಲ. ಬಿಸಿ ತಾಗಿದಾಗ ಪುಡಿಯ ಕಣಗಳು ದ್ರವವನ್ನು ಹೀರಿಕೊಂಡು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಗೊಂಬೆ ಗಟ್ಟಿಯಾಗುವುದು ಹೀಗೆ.

ಇದರ ಇತಿಹಾಸದಲ್ಲಿ ಒಬ್ಬ ತಾಯಿ ಮತ್ತು ಮಗಳಿದ್ದಾರೆ. ಜರ್ಮನಿಯ ಕೇಟೆ ಕ್ರೂಸೆ 1905ರಲ್ಲಿ ತನ್ನ ಪುಟ್ಟ ಮಗಳಿಗೆಂದು ಟವೆಲಿನಲ್ಲಿ ಮರಳು ತುಂಬಿ, ಆಲೂಗಡ್ಡೆಯನ್ನೇ ತಲೆಯಾಗಿಸಿ ಮೊದಲ ಗೊಂಬೆ ಮಾಡಿದರಂತೆ. ಮುಂದೆ ಅವರ ಬಟ್ಟೆ ಗೊಂಬೆಗಳು ಲೋಕಪ್ರಸಿದ್ಧವಾದವು. ಅವರ ಇನ್ನೊಬ್ಬ ಮಗಳು ಸೋಫಿ, ಮನೆಯವರ ಬಾಯಲ್ಲಿ ಫಿಫಿ, ಪ್ಲಾಸ್ಟಿಕ್‌ನ ಈ ಹಿಟ್ಟನ್ನು ಹದಗೊಳಿಸಿದರು. 1964ರಲ್ಲಿ ಪೆನ್ಸಿಲ್ ಕಂಪೆನಿಯೊಂದು ಅದನ್ನು ಕೊಂಡುಕೊಂಡಿತು. ಫಿಮೋ ಎಂಬ ಹೆಸರಿನಲ್ಲಿ ಇಂದಿಗೂ ಮಾರಾಟವಾಗುತ್ತಿರುವುದು ಅದೇ.

ನಾನು ಗೊಂಬೆಯ ತಲೆ, ಕೈ, ಕಾಲುಗಳನ್ನು ಮಾತ್ರ ಕ್ಲೇಯಲ್ಲಿ ಮಾಡುತ್ತೇನೆ. ಮೈ ಬಟ್ಟೆಯದು, ಒಳಗೆ ಹತ್ತಿ. ಕ್ಲೇ ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬಾರದು. ಬೆಂದ ನಂತರ ತುಸುವಾದರೂ ಬಾಗುವಂಥದ್ದೇ ಬೇಕು. ಅಗ್ಗದ ಕೆಲವು ಬಗೆಗಳಲ್ಲಿ ಮಾಡಿದ ಬೆರಳುಗಳು ಒಂದೇ ಪೆಟ್ಟಿಗೆ ಮುರಿಯುತ್ತವೆ. ಹೊಸ ಪ್ಯಾಕೆಟ್ ತಂದರೆ ಮೊದಲು ತೆಳುವಾದ ಪಟ್ಟಿಯೊಂದನ್ನು ಬೇಯಿಸಿ, ತಣಿದ ಮೇಲೆ ಬಾಗಿಸಿ ನೋಡಿ. ಬಾಗಿದರೆ ಸರಿ. ಪಟ್ಟನೆ ಮುರಿದರೆ ಕ್ಲೇ ಕಳಪೆ ಅಥವಾ ಬೇಯಿಸಿದ್ದು ಸಾಲದು. ತಲೆಯೊಳಗೆ ಅಲ್ಯುಮಿನಿಯಂ ಫಾಯಿಲನ್ನು ಬಿಗಿಯಾಗಿ ಉಂಡೆ ಕಟ್ಟಿ ಇಟ್ಟು, ಮೇಲೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಕ್ಲೇ ಹಚ್ಚಿದರೆ ತೂಕವೂ ಕಡಿಮೆ, ಒಳಗೂ ಹೊರಗೂ ಸಮನಾಗಿ ಬೇಯುತ್ತದೆ. ತುಟಿಗೆ ನೈಲ್ ಪಾಲಿಶ್ ಹಚ್ಚಬೇಡಿ. ಕೆಲವು ದಿನಗಳಲ್ಲಿ ಅಂಟಂಟಾಗುತ್ತದೆ. ಅಕ್ರಿಲಿಕ್ ಬಣ್ಣವೇ ಒಳ್ಳೆಯದು.

ಬೇಯಿಸುವ ಹಂತದಲ್ಲಿ ತಾಳ್ಮೆ ಬೇಕು. ಕೆಲವು ಕ್ಲೇಗಳಿಗೆ 110 ಡಿಗ್ರಿ ಸೆಲ್ಸಿಯಸ್, ಕೆಲವಕ್ಕೆ 130. ಪ್ಯಾಕೆಟ್ ಮೇಲೆ ಬರೆದದ್ದೇ ಪ್ರಮಾಣ. ಸಾಮಾನ್ಯವಾಗಿ ಅರ್ಧ ಗಂಟೆ ಬೇಕಾಗುತ್ತದೆ. ಮೈಕ್ರೋವೇವ್ ಇದಕ್ಕೆ ಆಗದು, ಓಟಿಜಿ ಬೇಕು. ಅದರ ಗುಂಡಿಯ ಮೇಲಿನ ಅಂಕಿಗೂ ಒಳಗಿನ ಶಾಖಕ್ಕೂ ಅನೇಕ ಬಾರಿ ತಾಳೆಯಾಗುವುದಿಲ್ಲ. ಆದ್ದರಿಂದ ಒಳಗೊಂದು ಓವನ್ ಥರ್ಮಾಮೀಟರ್ ಇಡುವುದು ಜಾಣತನ. ಗೊಂಬೆಯ ಮುಖ ಕಾದ ಕಂಬಿಗೆ ಹತ್ತಿರವಾದರೆ ಕಂದುತ್ತದೆ. ಮೇಲೆ ಫಾಯಿಲಿನ ಗುಡಾರ ಹೊದಿಸಬೇಕು. ಆತುರಕ್ಕೆ ಬಿದ್ದು ಶಾಖ ಹೆಚ್ಚಿಸುವುದಂತೂ ಸಲ್ಲದು. ಮಿತಿ ಮೀರಿ ಕಾದ ಪಿವಿಸಿ ಸುಟ್ಟು, ಕಣ್ಣು ಗಂಟಲು ಉರಿಸುವ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಖಾರವಾದ ವಾಸನೆ ಬಂದರೆ ಓವನ್ ಆರಿಸಿ, ಕಿಟಕಿ ತೆರೆದು ಮಕ್ಕಳನ್ನು ಹೊರಗೆ ಕಳಿಸಿ. ಕ್ಲೇಗೆ ಬಳಸಿದ ತಟ್ಟೆ, ಚಾಕು, ಲಟ್ಟಣಿಗೆ ಮತ್ತೆ ಅಡುಗೆಗೆ ಬೇಡ. ಸಾಧ್ಯವಾದರೆ ಓವನ್ ಕೂಡ ಬೇರೆಯೇ ಇರಲಿ.

ಈ ಕ್ಲೇಯನ್ನು ಮೆದುವಾಗಿಸಲು ಮೊದಲು ಹೆಚ್ಚಾಗಿ ಬಳಸುತ್ತಿದ್ದದ್ದು ಥ್ಯಾಲೇಟ್ ಎಂಬ ರಾಸಾಯನಿಕಗಳನ್ನು. ಅವುಗಳಲ್ಲಿ ಕೆಲವು ಮಕ್ಕಳ ಬೆಳವಣಿಗೆಗೆ ಹಾನಿಕರವೆಂಬ ಕಾರಣಕ್ಕೆ ಅಮೆರಿಕ 2008ರ ಕಾನೂನಿನ ಮೂಲಕ ಆಟಿಕೆಗಳಲ್ಲಿ ಅವುಗಳಿಗೆ ಮಿತಿ ಹಾಕಿತು. ಪ್ರಮುಖ ಕಂಪೆನಿಗಳು ತಮ್ಮ ಕ್ಲೇಯಲ್ಲಿ ಅವುಗಳನ್ನು ಬಳಸುವುದನ್ನು ನಿಲ್ಲಿಸಿವೆ. ಆದರೆ ತಯಾರಕರ ಹೆಸರಿಲ್ಲದ ಅಗ್ಗದ ಪ್ಯಾಕೆಟ್‌ಗಳೊಳಗೆ ಏನಿದೆಯೆಂದು ಕೊಳ್ಳುವವರಿಗೆ ತಿಳಿಯುವುದು ಹೇಗೆ? ನಾನು ಅಂಥದ್ದನ್ನು ಮುಟ್ಟುವುದಿಲ್ಲ.

ಗೊಂಬೆಯೆಂದರೆ ಹುಬ್ಬೇರಿಸುವವರು ನಮ್ಮಲ್ಲಿದ್ದಾರೆ. ಆಕೃತಿಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರುವುದು ನಿಜ. ಆದರೆ ಮಕ್ಕಳ ಆಟದ ಗೊಂಬೆಗೆ ಹೆಚ್ಚಿನವರು ಅನುಮತಿ ನೀಡಿದ್ದಾರೆ. ಹ. ಆಯಿಶಾ(ರ) ಪ್ರವಾದಿ(ಸ)ಯವರ ಮನೆಯಲ್ಲಿ ಗೊಂಬೆಗಳೊಂದಿಗೆ ಆಡುತ್ತಿದ್ದುದು ಹದೀಸ್‌ಗಳಲ್ಲಿದೆ. ಆಶೂರಾ ಉಪವಾಸದಂದು ಮದೀನದ ತಾಯಂದಿರು ಹಸಿದು ಅಳುವ ಮಕ್ಕಳಿಗೆ ಉಣ್ಣೆಯ ಆಟಿಕೆ ಕೊಟ್ಟು ಇಫ್ತಾರ್‌ವರೆಗೆ ಸಮಾಧಾನಪಡಿಸುತ್ತಿದ್ದುದೂ ಇದೆ. ಅಳುವ ಮಗುವಿನ ಕೈಗೆ ಅಂದು ಸಿಕ್ಕಿದ್ದು ಮೆತ್ತನೆಯ ಉಣ್ಣೆ ಎಂಬುದನ್ನು ನಾನು ಆಗಾಗ ನೆನೆಯುತ್ತೇನೆ.

ಕಳೆದ ವರ್ಷ ಪರಿಚಯದ ಮಹಿಳೆಯೊಬ್ಬರು ಎಂಟು ತಿಂಗಳ ಮೊಮ್ಮಗಳಿಗೆ ಕ್ಲೇ ಗೊಂಬೆ ಬೇಕೆಂದರು. ಮುಂಗಡವನ್ನೂ ತಂದಿದ್ದರು. ಆ ತಿಂಗಳು ನನಗೆ ಬೇರೆ ಆರ್ಡರ್ ಇರಲಿಲ್ಲ. ಆದರೂ ಆಗದೆಂದೆ. ಆ ವಯಸ್ಸಿನ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಮುರಿದ ಪುಟ್ಟ ಬೆರಳೊಂದು ಸಾಕು, ಗಂಟಲಲ್ಲಿ ಸಿಕ್ಕಿಕೊಳ್ಳಲು. "ಎಲ್ಲರೂ ಮಾರುತ್ತಾರಲ್ಲ, ನಿನಗೇನಮ್ಮಾ ಕಷ್ಟ?" ಎಂದು ಅವರು ಮುನಿಸಿಕೊಂಡರು. ಹಳೆಯ ಹತ್ತಿ ಬಟ್ಟೆಯಲ್ಲಿ, ಗುಂಡಿ ಮಣಿ ಯಾವುದೂ ಇಲ್ಲದೆ, ಕಣ್ಣು ಬಾಯಿಗಳನ್ನು ದಾರದಲ್ಲೇ ಕಸೂತಿ ಮಾಡಿ ಗೊಂಬೆಯೊಂದನ್ನು ಹೊಲಿದುಕೊಟ್ಟೆ. ಕ್ಲೇ ಗೊಂಬೆಗೆ ಸಿಗುತ್ತಿದ್ದ ಬೆಲೆಯ ಕಾಲುಭಾಗವೂ ಅದಕ್ಕೆ ಸಿಗಲಿಲ್ಲ.

ಗೊಂಬೆ ಯಾವುದರಿಂದ ಆಗಿದೆಯೆಂದು ಮಗು ಕೇಳುವುದಿಲ್ಲ. ಕೊಟ್ಟವರನ್ನು ನಂಬಿ ಎದೆಗೊತ್ತಿಕೊಳ್ಳುತ್ತದೆ. ಆ ನಂಬಿಕೆ ಮಾಡಿದವರ ಮೇಲಿನ ಅಮಾನತ್ತು. ಅದಕ್ಕಾಗಿ ನನ್ನ ಪ್ರತಿ ಗೊಂಬೆಯ ಜೊತೆ ಒಂದು ಚೀಟಿ ಇರುತ್ತದೆ: ತಲೆ, ಕೈ, ಕಾಲು ಪ್ಲಾಸ್ಟಿಕ್, ಮೈ ಹತ್ತಿಯದು, ಎಂಟು ವರ್ಷ ದಾಟಿದ ಮಕ್ಕಳಿಗೆ ಮಾತ್ರ. ಮಣ್ಣು ಎಂಬ ಪದ ಅದರಲ್ಲಿ ಎಲ್ಲಿಯೂ ಇಲ್ಲ.