ಗೋಡೆ ಹಾರಿ ಬಂದ ಖಲೀಫರು

ಉಡುತಡಿಯ ಅಕ್ಕಮಹಾದೇವಿಯ ಕತೆ ಬಂದಾಗಲೆಲ್ಲ ಜನ ಆಕೆಯ ಬತ್ತಲೆಯ ಬಗ್ಗೆಯೇ ಮಾತಾಡುತ್ತಾರೆ. ನನಗೆ ಅದಕ್ಕಿಂತ ಮುಂಚಿನ ಭಾಗ ಮುಖ್ಯವೆನಿಸುತ್ತದೆ. ಹರಿಹರನ ರಗಳೆಯಲ್ಲಿ ಆಕೆ ಕೌಶಿಕನ ಅರಮನೆಗೆ ಹೋಗುವ ಮೊದಲು ಷರತ್ತು ಹಾಕುತ್ತಾಳೆ. ತನ್ನ ಪೂಜೆಗೆ, ಗುರುಸೇವೆಗೆ, ಶರಣರ ಒಡನಾಟಕ್ಕೆ ಅರಸ ಅಡ್ಡ ಬರಕೂಡದು. ಅರಸ ಒಪ್ಪುತ್ತಾನೆ, ಆಮೇಲೆ ಮಾತು ಮೀರುತ್ತಾನೆ, ಆಕೆ ಹೊರಟುಬಿಡುತ್ತಾಳೆ. ದೇವರೆದುರು ಮುಚ್ಚಿಡುವುದೇನೂ ಇಲ್ಲವೆಂದು ಬಟ್ಟೆಯನ್ನೇ ಬಿಟ್ಟವಳು ಅರಸನ ಎದುರು ಗೆರೆ ಎಳೆದಿದ್ದಳು. "ತಪ್ಪು ಮಾಡದವರಿಗೆ ಭಯವೇಕೆ, ಸರ್ಕಾರ ನೋಡಿದರೆ ನೋಡಲಿ ಬಿಡಿ" ಎನ್ನುವವರಿಗೆ ನಾನು ಈ ಭಾಗವನ್ನು ನೆನಪಿಸುತ್ತೇನೆ.

ಆ ಮಾತನ್ನು ನಾನು ಹೆಚ್ಚು ಕೇಳಿದ್ದು 2020ರಲ್ಲಿ. ಉಡುತಡಿ ಸೇರಿದ ಶಿಕಾರಿಪುರ ಕ್ಷೇತ್ರದ ಶಾಸಕರಾದ ಯಡಿಯೂರಪ್ಪನವರೇ ಆಗ ಮುಖ್ಯಮಂತ್ರಿ. ಮಾರ್ಚ್ ಕೊನೆಯಲ್ಲಿ ಒಂದು ಆದೇಶ ಬಂತು. ಮನೆಯಲ್ಲಿ ಕ್ವಾರಂಟೈನ್ ಆದವರು ರಾತ್ರಿ 10ರಿಂದ ಬೆಳಿಗ್ಗೆ 7ರವರೆಗಿನ ಹೊತ್ತು ಬಿಟ್ಟು ಗಂಟೆಗೊಮ್ಮೆ ಸೆಲ್ಫಿ ತೆಗೆದು ಸರ್ಕಾರದ ಆ್ಯಪ್‌ಗೆ ಕಳಿಸಬೇಕು. ಅವರ ಮನೆ ವಿಳಾಸಗಳ ಪಟ್ಟಿಯನ್ನೂ ಪ್ರಕಟಿಸಿದ್ದರು. ರೋಗ ತಡೆಯಬೇಕಿತ್ತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ವಿಳಾಸ ಬೀದಿಗೆ ಬಿದ್ದ ಮೇಲೆ ಕಾವಲಿಗೆ ಪೊಲೀಸರೇ ಬೇಕಾಗಿಲ್ಲ, ಓಣಿಗೆ ಓಣಿಯೇ ಕಾವಲಿಗೆ ನಿಲ್ಲುತ್ತದೆ. ದೆಹಲಿಯ ತಬ್ಲೀಗ್ ಸಭೆಯ ಸುದ್ದಿ ಹಬ್ಬಿದ ಆ ಏಪ್ರಿಲ್‌ನಲ್ಲಿ ತರಕಾರಿ ಗಾಡಿಯವನ ಹೆಸರು ಕೇಳಿ ವಾಪಸು ಕಳಿಸಿದ್ದನ್ನು ನಾನೇ ಕಂಡಿದ್ದೇನೆ.

ಕುರ್‌ಆನಿನ 49ನೆಯ ಅಧ್ಯಾಯದ ಹೆಸರು 'ಅಲ್ ಹುಜುರಾತ್', ಅಂದರೆ ಕೋಣೆಗಳು. ಅತಿಯಾದ ಸಂಶಯವನ್ನೂ, ಇನ್ನೊಬ್ಬರ ಬದುಕನ್ನು ಇಣುಕಿ ಬೇಹು ಮಾಡುವುದನ್ನೂ, ಚಾಡಿಯನ್ನೂ ಅದರ 12ನೆಯ ವಚನ ಒಟ್ಟಿಗೇ ನಿಷೇಧಿಸುತ್ತದೆ. ಇದಕ್ಕೆ ಸಂಬಂಧಿಸಿ ಹಜ್ರತ್ ಉಮರ್ ಅವರ ಬಗ್ಗೆ ಒಂದು ಕತೆ ಹೇಳುತ್ತಾರೆ. ರಾತ್ರಿ ಮದೀನಾದ ಗಸ್ತು ತಿರುಗುತ್ತಿದ್ದ ಖಲೀಫರಿಗೆ ಒಂದು ಮನೆಯೊಳಗಿಂದ ಹಾಡು ಕೇಳಿಸಿತು. ಗೋಡೆ ಹಾರಿ ಒಳಗಿಳಿದರು. ನೋಡಿದರೆ ಮನೆಯವನ ಮುಂದೆ ಮದ್ಯ. ಗದರಿಸಿದರು. ಆತ ಹೆದರಲಿಲ್ಲ. ನಾನು ಮಾಡಿದ್ದು ಒಂದು ಪಾಪ, ನೀವು ಮೂರು ಮಾಡಿದಿರಿ ಎಂದ. ಬೇಹು ಮಾಡಬೇಡಿ ಎಂದಿದೆ, ಮಾಡಿದಿರಿ. ಬಾಗಿಲಿನಿಂದ ಬನ್ನಿ ಎಂದಿದೆ, ಗೋಡೆ ಹಾರಿದಿರಿ. ಅನುಮತಿ ಕೇಳಿ ಸಲಾಂ ಹೇಳಿ ಒಳಬನ್ನಿ ಎಂದಿದೆ, ಅದನ್ನೂ ಬಿಟ್ಟಿರಿ. ಖಲೀಫರು ಅವನನ್ನು ಬಿಟ್ಟು ಹೊರಟುಹೋದರಂತೆ. ಆ ಮನುಷ್ಯ ಸಜ್ಜನನಲ್ಲ, ಕತೆಯ ಸೊಗಸೇ ಅದು. ಹಕ್ಕು ಸಜ್ಜನರಿಗೆ ಮಾತ್ರ ಇರುವುದಾದರೆ ಯಾರು ಸಜ್ಜನರೆಂದು ನಿರ್ಧರಿಸಲು ಮತ್ತೆ ಎಲ್ಲರ ಮನೆಯ ಗೋಡೆಯನ್ನೂ ಹಾರಬೇಕಾಗುತ್ತದೆ.

ಕರ್ನಾಟಕಕ್ಕೆ ಕದ್ದಾಲಿಕೆ ಹೊಸದೂ ಅಲ್ಲ. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ಫೋನ್ ಕದ್ದಾಲಿಕೆಯ ಹಗರಣದಿಂದಲೇ. 2019ರ ಆಗಸ್ಟ್‌ನಲ್ಲಿ, ಹಿಂದಿನ ಕುಮಾರಸ್ವಾಮಿ ಸರ್ಕಾರದ ಕಾಲದಲ್ಲಿ ಫೋನ್ ಕದ್ದಾಲಿಸಲಾಗಿತ್ತು ಎಂಬ ಆರೋಪವನ್ನು ಯಡಿಯೂರಪ್ಪನವರು ಸಿಬಿಐಗೆ ಒಪ್ಪಿಸಿದರು. ಕುಮಾರಸ್ವಾಮಿಯವರು ಆರೋಪವನ್ನು ಅಲ್ಲಗಳೆದರು. ಎರಡು ಸಲವೂ ಗದ್ದಲವಾದದ್ದು ದೊಡ್ಡವರ ಫೋನುಗಳಿಗಾಗಿ. ಬಡವನ ಫೋನ್ ಕೇಳಿಸಿಕೊಂಡರೆ ಯಾವ ಸರ್ಕಾರ ಬಿದ್ದೀತು?

ಪಿಯುಸಿಎಲ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲೇ ಕದ್ದಾಲಿಕೆಗೆ ಕಟ್ಟುಪಾಡು ಹಾಕಿತು. ಗೃಹ ಕಾರ್ಯದರ್ಶಿಯ ಆದೇಶ ಬೇಕು, ಅವಧಿಗೆ ಮಿತಿ ಬೇಕು, ಒಂದು ಸಮಿತಿ ಅದನ್ನು ಪರಿಶೀಲಿಸಬೇಕು. ರಾಜ್ಯದಲ್ಲಿ ಆ ಸಮಿತಿಯ ಅಧ್ಯಕ್ಷರು ಮುಖ್ಯ ಕಾರ್ಯದರ್ಶಿ, ಸದಸ್ಯರೂ ಕಾರ್ಯದರ್ಶಿಗಳೇ. ಆದೇಶ ಕೊಡುವವರೂ ಸರ್ಕಾರ, ಅದು ಸರಿಯೇ ಎಂದು ನೋಡುವವರೂ ಸರ್ಕಾರ, ನಡುವೆ ನ್ಯಾಯಾಧೀಶರಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ಕಾಯ್ದೆ ಬಂದರೂ ಈ ಏರ್ಪಾಡು ಬದಲಾಗಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಅದಕ್ಕೆ ಕಾರಣರಾದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು.

ತೀರ್ಪಿನ ಸಂಗತಿ ನಮ್ಮ ಮನೆಗಳೊಳಗೆ ಇನ್ನೂ ಬಂದಂತಿಲ್ಲ. ನಮ್ಮ ಖಾಲಾ ಫೋನಿನಲ್ಲಿ ನಾನು ಚುನಾವಣೆಯ ಸುದ್ದಿ ಎತ್ತಿದರೆ ಸಾಕು, "ಫೋನ್ ಪೋ ಐಸೀ ಬಾತಾಂ ನಕ್ಕೋ" ಎಂದು ತಡೆಯುತ್ತಾರೆ. ಅವರ ಮಾತನ್ನು ಯಾರೂ ಕೇಳಿಸಿಕೊಳ್ಳುತ್ತಿರಲಿಕ್ಕಿಲ್ಲ. ಆದರೂ ಬಕ್ರೀದಿಗೆ ಕುರಿ ತಂದಾಯಿತೆಂದು ಹೇಳಲು ಅವರು ಮೊಮ್ಮಗನನ್ನು ಸೈಕಲ್ಲಿನಲ್ಲಿ ಕಳಿಸುತ್ತಾರೆ.